ಭೀಮಾತೀರದ ತೊಗರಿಯೂ ದಿಲ್ಲಿಯ ಕಟ್ಟಳೆಗಳೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಆರ್ಥಿಕ ಚರಿತ್ರೆಯನ್ನು ಅರಿಯಬಯಸುವವರು ಕೋಟೆಕೊತ್ತಲಗಳಿಗಿಂತ ಮೊದಲು ತೊಗರಿಯ ಹೊಲವನ್ನು ನೋಡುವುದು ಲೇಸು. ಮುಂಗಾರಿನಲ್ಲಿ ಬಿತ್ತಿದ ಈ ಬೆಳೆ ಎರೆಭೂಮಿಯ ತೇವವನ್ನು ಆಳದಿಂದ ಹೀರಿಕೊಂಡು ಪುಷ್ಯ-ಮಾಘಗಳಲ್ಲಿ ರಾಶಿಗೆ ಬರುತ್ತದೆ. ಕಾಳು ಪೇಟೆಗೆ, ಹೊಟ್ಟು ದನಗಳಿಗೆ, ಉದುರಿದ ಎಲೆ ನೆಲಕ್ಕೆ, ಒಣಗಿದ ತೊಗರಿಕಟ್ಟಿಗೆ ಒಲೆಗೆ ಸಲ್ಲುವುದು ಇಲ್ಲಿನ ಹಳೆಯ ಪದ್ಧತಿ. ಆಹಾರ, ಮೇವು, ಉರುವಲು ಮೂರನ್ನೂ ಒಂದೇ ಗಿಡದಿಂದ ಪಡೆಯುವ ಜನಕ್ಕೆ ಅದರ ಧಾರಣೆಯ ಏರಿಳಿತವು ಕೇವಲ ವರ್ತಕರ ವಿಷಯವಾಗಿ ಉಳಿಯಲಾರದು.

ನಿಜಾಮರ ಆಳ್ವಿಕೆಯಲ್ಲಿ ಈ ಸೀಮೆಯು ಹೈದರಾಬಾದ್ ಸಂಸ್ಥಾನದ ಅಂಚಿನಲ್ಲಿತ್ತು. ಪಶ್ಚಿಮಕ್ಕೆ ಅಕ್ಕಲಕೋಟೆ ಸಂಸ್ಥಾನ. ಇಂಡಿ, ಸಿಂದಗಿಗಳ ಕಡೆ ಮುಂಬಯಿ ಪ್ರಾಂತ. ಗಡಿ ದಾಟುವ ಸರಕಿನ ಮೇಲೆ ಕರೋಡಗಿರಿ ಇಲಾಖೆಯು ಸಾಮಾನ್ಯವಾಗಿ ನೂರಕ್ಕೆ ಐದರಂತೆ ಸುಂಕ ಎತ್ತುತ್ತಿತ್ತು. 1871ರಲ್ಲಿ ಮುಂಬಯಿ-ಮದ್ರಾಸು ರೈಲುಮಾರ್ಗವು ಕಲಬುರಗಿಯ ಮೇಲೆ ಹಾದುಹೋದ ತರುವಾಯ ಧಾನ್ಯವು ದೂರದ ಪೇಟೆಗಳನ್ನು ಮುಟ್ಟಿತು. 1948ರಲ್ಲಿ ಸಂಸ್ಥಾನ ವಿಲೀನಗೊಂಡು, 1956ರಲ್ಲಿ ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಸುಂಕದ ನಾಕೆಗಳು ಅಳಿದುವು. ಆಳಂದ-ಅಫಜಲಪುರಗಳ ರೈತನು ತನ್ನ ಕಾಳನ್ನು ಕಲಬುರಗಿಯ ಅಡತಿಗಾದರೂ ಗಡಿಯಾಚೆಯ ದುಧನಿಗಾದರೂ ಒಯ್ಯುವಂತಾಯಿತು.

ಆದರೆ ನಾಕೆಯು ಅಳಿಯಲಿಲ್ಲ, ಕಡಲತೀರಕ್ಕೆ ಸರಿಯಿತು ಎನ್ನುವುದೇ ಹೆಚ್ಚು ಸಮಂಜಸ. 2006ರಲ್ಲಿ ಕೇಂದ್ರ ಸರಕಾರವು ಬೇಳೆಕಾಳುಗಳ ರಫ್ತನ್ನು ನಿಷೇಧಿಸಿತು. ಉಣ್ಣುವವನಿಗೆ ಬೇಳೆ ಅಗ್ಗವಾಗಿ ದೊರೆಯಬೇಕೆಂಬುದು ಅದರ ಉದ್ದೇಶ. ಬೆಳೆದವನಿಗೆ ಹೊರಪೇಟೆಯ ಬಾಗಿಲು ಮುಚ್ಚಿದ್ದು ಅದರ ಪರಿಣಾಮ. 2014, 2015ರ ಎರಡು ಬರಗಳಿಂದ ಬೇಳೆಯು ಕಿಲೋಗೆ 200 ರೂಪಾಯಿಯ ಸಮೀಪಕ್ಕೆ ಏರಿದಾಗ, 2016ರ ಜುಲೈನಲ್ಲಿ ಮೊಜಾಂಬಿಕ್ ದೇಶದೊಡನೆ ತೊಗರಿಯ ದೀರ್ಘಾವಧಿ ಆಮದಿಗೆ ಒಪ್ಪಂದವಾಯಿತು. ಅದೇ ಮುಂಗಾರಿನಲ್ಲಿ ಏರಿದ ಬೆಲೆಯನ್ನು ನೆಚ್ಚಿ ರೈತರೂ ಹೆಚ್ಚು ಬಿತ್ತಿದ್ದರು, ಮಳೆಯೂ ಒದಗಿತು. ರಾಶಿಯ ಕಾಲಕ್ಕೆ ಧಾರಣೆ ಕುಸಿಯಿತು. ಕೇಂದ್ರದ 5,050 ರೂಪಾಯಿಗಳಿಗೆ ರಾಜ್ಯವು 450 ಸೇರಿಸಿ ಕ್ವಿಂಟಾಲಿಗೆ 5,500ರಂತೆ ಕೊಳ್ಳಲು ಮುಂದಾಯಿತಾದರೂ, ಖರೀದಿ ಕೇಂದ್ರದ ಸರದಿಯಲ್ಲಿ ಕಾಯುವ ಶಕ್ತಿ ಸಾಲಗಾರನಿಗೆ ಎಲ್ಲಿಯದು? ಅವನು ಸಿಕ್ಕ ಬೆಲೆಗೆ ಅಡತಿಯಲ್ಲಿ ಕೊಟ್ಟು ಬಂದನು. ಆಮದಿನ ಮೇಲೆ ಶೇಕಡಾ 10ರ ಸುಂಕ ಬಿದ್ದುದು 2017ರ ಮಾರ್ಚಿನಲ್ಲಿ. ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಬಂದುದು ಆಗಸ್ಟಿನಲ್ಲಿ. ರಫ್ತಿನ ಬಾಗಿಲು ತೆರೆದುದು ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಸಣ್ಣ ಹಿಡುವಳಿದಾರನ ಕಣಜ ಬರಿದಾಗಿತ್ತು.

2021ರ ಮೇ ತಿಂಗಳಲ್ಲಿ ಆ ಮಿತಿಯೂ ಹೋಗಿ ಆಮದು ಪುನಃ ಮುಕ್ತವಾಯಿತು. 1986ರಲ್ಲಿ ಬಿಡುಗಡೆಯಾದ ‘ಮಾರುತಿ’ ತಳಿಯು ನೆಟೆರೋಗವನ್ನು ಬಹುಕಾಲ ತಡೆದಿತ್ತು. ಅದೇ ರೋಗ 2022ರಲ್ಲಿ ಜಿಲ್ಲೆಯ ತೊಗರಿಯನ್ನು ಬಲವಾಗಿ ಬಾಧಿಸಿತು. ಮುಂದೆ ಧಾರಣೆ ಏರಿದಾಗ ಮಾರಲು ಕಾಳಿಲ್ಲದವನು ತಾನೇ ದುಬಾರಿ ಬೇಳೆಯನ್ನು ಕೊಳ್ಳಬೇಕಾಯಿತು. ಮಾಘದಲ್ಲಿ ತೊಗರಿ ಮಾರಿ ಆಷಾಢದಲ್ಲಿ ಬೇಳೆ ಕೊಳ್ಳುವ ಈ ಮನೆಗಳನ್ನು ಬೆಳೆಯುವವರು, ಉಣ್ಣುವವರು ಎಂದು ಎರಡು ಪಂಗಡವಾಗಿ ಒಡೆಯುವ ವಾದವು ಅರೆಸತ್ಯವೆನ್ನದೆ ವಿಧಿಯಿಲ್ಲ.

ಈ ಅನಿಶ್ಚಿತತೆಯ ಪಕ್ಕದಲ್ಲಿಯೇ ಕಬ್ಬು ಬೆಳೆದುದನ್ನು ಗಮನಿಸಬೇಕು. ಆಳಂದ ತಾಲ್ಲೂಕಿನ ಭೂಸನೂರಿನಲ್ಲಿಯೂ ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿಯೂ ಸಕ್ಕರೆ ಕಾರ್ಖಾನೆಗಳಿವೆ. ಸೊನ್ನ ಬ್ಯಾರೇಜು ಭೀಮೆಯ ನೀರನ್ನು ತಡೆದು ನಿಲ್ಲಿಸುತ್ತದೆ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಾರ್ಖಾನೆಯು ನಿಗದಿತ ಬೆಲೆಯನ್ನು ಹದಿನಾಲ್ಕು ದಿನಗಳೊಳಗೆ ಸಲ್ಲಿಸತಕ್ಕದ್ದು. ಆ ಹಣ ಎಷ್ಟೋ ಸಲ ತಡವಾಗುತ್ತದೆಂಬುದು ನಿಜ. ಆದರೂ ಕೇಳುವುದಕ್ಕೊಂದು ಕಾನೂನಿದೆ. ತೊಗರಿಯ ಬೆಂಬಲ ಬೆಲೆಯಾದರೋ ವರ್ತಕನನ್ನು ಕಟ್ಟಿಹಾಕುವುದಿಲ್ಲ. 2018ರ ಜೈವಿಕ ಇಂಧನ ನೀತಿಯು ಕಬ್ಬಿನ ರಸದಿಂದಲೂ ಎಥೆನಾಲ್ ತಯಾರಿಸಲು ಅವಕಾಶವಿತ್ತಿತು. ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಬೆರೆಸುವ ಗುರಿಯು ಅದಕ್ಕೆ ನಿಶ್ಚಿತ ಗಿರಾಕಿಯನ್ನು ಒದಗಿಸಿತು. ಆದರೆ ಇಲ್ಲಿಯೂ ಕಟ್ಟಳೆ ಸ್ಥಿರವಲ್ಲ. ಮಳೆ ಕೊರತೆಯಾದ 2023ರ ಡಿಸೆಂಬರ್ 7ರಂದು, ಅರೆಯುವ ಕಾಲದ ನಡುವೆಯೇ, ರಸದಿಂದ ಎಥೆನಾಲ್ ಮಾಡುವುದನ್ನು ಕೇಂದ್ರವು ತಡೆಯಿತು. ಕೆಲವೇ ದಿನಗಳಲ್ಲಿ ಭಾಗಶಃ ಸಡಿಲಿಸಿತು. ಇನ್ನು ಭೀಮೆಯ ನೀರು ಬಹುಮಟ್ಟಿಗೆ ಮೇಲ್ಭಾಗದ ಉಜನಿ ಅಣೆಕಟ್ಟಿನ ಕೃಪೆ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಕಬ್ಬು ಒಣಗುತ್ತದೆ. ಒಣಬೇಸಾಯದ ತೊಗರಿಗೆ ಆ ಹಂಗಿಲ್ಲ. ಇಂಧನ ನೀತಿಯ ಆಸರೆಯೂ ಇಲ್ಲ.

2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತು ಅದರ ಹೆಸರಿಗೆ ರಕ್ಷಣೆ ಬಂದಿತು. ಬೆಲೆಯ ಮಾತು ಬೇರೆ. 2025ರ ಆರಂಭದಲ್ಲಿ ರಾಜ್ಯವು ಕೇಂದ್ರದ 7,550 ರೂಪಾಯಿಗಳ ಮೇಲೆ 450 ಸೇರಿಸಿ ಖರೀದಿಯನ್ನು ಸಾರಿತು. ತೊಗರಿಯ ಸುಂಕರಹಿತ ಆಮದನ್ನು 2026ರ ಮಾರ್ಚ್ 31ರ ತನಕ ಮುಂದುವರಿಸುವ ಆಜ್ಞೆ ದಿಲ್ಲಿಯಿಂದ ಹೊರಟುದು ಅದೇ ಜನವರಿಯಲ್ಲಿ, ಈ ಮೂರು ತಾಲ್ಲೂಕುಗಳ ಕಣಗಳಲ್ಲಿ ರಾಶಿ ನಡೆದಿದ್ದಾಗ.