ಗಂಧಕವಳಿದ ಡೀಸೆಲ್ ತೈಲವೂ ಪಿರಿಯಾಪಟ್ಟಣ ಸೀಮೆಯ ಹಳೆಯ ಯಂತ್ರಗಳೂ

ಪೂರ್ವದಲ್ಲಿ ಚಂಗಾಳ್ವರ ಆಳ್ವಿಕೆಗೊಳಪಟ್ಟಿದ್ದ ಪಿರಿಯಾಪಟ್ಟಣ ಸೀಮೆಯು ಈಗ ಹೊಗೆಸೊಪ್ಪಿನ ಬೆಳೆಗೆ ಹೆಸರಾದುದು. ಇಲ್ಲಿಯೂ ನೆರೆಯ ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿಯೂ ಉಳುವ ಟ್ರ್ಯಾಕ್ಟರು, ನೀರೆತ್ತುವ ಎಂಜಿನ್ನು ಇವು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಸಲ್ಲುವ ಆಸ್ತಿಗಳು. ಗಂಧಕವೇ ಎಣ್ಣೆಯ ಜಿಡ್ಡೆಂದೂ ಅದನ್ನು ತೆಗೆದ ಹೊಸ ತೈಲವು ಇಂತಹ ಯಂತ್ರಗಳನ್ನು ತಿಂದುಹಾಕುವುದೆಂದೂ ಒಂದು ನಂಬುಗೆಯುಂಟು. ಇದು ಲೋಕದ ಎಲ್ಲೆಡೆಯೂ ಹಬ್ಬಿರುವ ಮಾತು. ಇದನ್ನು ನಂಬಿ ರೈತನು ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕುವ ಸಂಭವವಿರುವುದರಿಂದ ಇದರ ಮೂಲವು ವಿಚಾರಾರ್ಹವಾದುದು.

ತೈಲದಲ್ಲಿ ಗಂಧಕವು ಇಳಿದ ಕ್ರಮವು ಸ್ಪಷ್ಟವಾಗಿದೆ. ೨೦೦೦ದಲ್ಲಿ ಭಾರತದ ಡೀಸೆಲಿಗೆ ಹತ್ತು ಲಕ್ಷ ಭಾಗದಲ್ಲಿ ೨೫೦೦ ಭಾಗದ ಗಂಧಕವು ಸಲ್ಲುತ್ತಿದ್ದಿತು. ೨೦೦೫ರಲ್ಲಿ ಅದು ೫೦೦ಕ್ಕೂ, ೨೦೧೦ರಲ್ಲಿ ೩೫೦ಕ್ಕೂ, ೨೦೧೭ರಲ್ಲಿ ೫೦ಕ್ಕೂ, ೨೦೨೦ರ ಏಪ್ರಿಲಿನಲ್ಲಿ ೧೦ಕ್ಕೂ ಇಳಿಯಿತು. ೨೦೧೦ರಲ್ಲಿ ಬೆಂಗಳೂರಿಗೆ ೫೦ ಭಾಗದ ತೈಲವು ಬಂದಾಗ ಹಳ್ಳಿನಾಡಿಗೆ ೩೫೦ರದೇ ಗತಿಯಾಗಿದ್ದಿತು. ಒಂದೇ ಹೆಸರಿನಲ್ಲಿ ಎರಡು ಎಣ್ಣೆಗಳು. ಹೆಸರಿನ ಮಾತು ಬಂದುದರಿಂದ ಇದನ್ನೂ ಹೇಳಬಹುದು: ಯಂತ್ರವನ್ನು ನಿರ್ಮಿಸಿದ ರುಡಾಲ್ಫ್ ಡೀಸೆಲನ (೧೮೫೮–೧೯೧೩) ಹೆಸರು ಕನ್ನಡದ ಆಡುಮಾತಿನಲ್ಲಿ ಯಂತ್ರವನ್ನು ಬಿಟ್ಟು ಎಣ್ಣೆಗೇ ನಿಂತಿತು.

ಗಂಧಕವು ತಾನಾಗಿ ಕೀಲೆಣ್ಣೆಯ ಕೆಲಸವನ್ನು ಮಾಡತಕ್ಕುದಲ್ಲ. ಅದನ್ನು ತೆಗೆಯಲು ಶುದ್ಧೀಕರಣಶಾಲೆಯಲ್ಲಿ ತೈಲವನ್ನು ಜಲಜನಕದೊಡನೆ ಹೆಚ್ಚಿನ ಒತ್ತಡದಲ್ಲಿ ಕಾಯಿಸುವಾಗ, ಲೋಹಕ್ಕೆ ಅಂಟಿ ಸವೆತವನ್ನು ತಡೆಯುವ ಸಾರಜನಕ ಮತ್ತು ಆಮ್ಲಜನಕಗಳ ಸಂಯುಕ್ತಗಳೂ ಅದರ ಜೊತೆಗೇ ನಷ್ಟವಾಗುವುವು. ನಂಬುಗೆಗೆ ಆಧಾರವಿಲ್ಲದೆ ಇಲ್ಲ. ಆಧಾರವು ಬೇರೆಡೆಯಲ್ಲಿದೆ, ಅಷ್ಟೆ. ಸ್ವೀಡನ್ ದೇಶದಲ್ಲಿ ೧೯೯೦ರ ದಶಕದ ಆದಿಯಲ್ಲಿ ಇಂತಹ ತೈಲವು ಬಳಕೆಗೆ ಬಂದೊಡನೆ ಪಂಪುಗಳು ಕೆಟ್ಟುವು. ಕ್ಯಾಲಿಫೋರ್ನಿಯದಲ್ಲಿ ೧೯೯೩ರಲ್ಲಿ ತೈಲದ ಸೋರಿಕೆಯುಂಟಾಯಿತು. ಹಳೆಯ ಎಣ್ಣೆಯಲ್ಲಿ ಉಬ್ಬಿದ್ದ ರಬ್ಬರಿನ ಬಳೆಗಳು ಹೊಸದರಲ್ಲಿ ಕುಗ್ಗಿದುದು ಅದರ ಕಾರಣ. ಆ ಬಳೆಗಳನ್ನು ಬದಲಾಯಿಸಿದರೆ ಸೋರಿಕೆಯು ನಿಲ್ಲುವುದು.

ಎಲ್ಲ ಯಂತ್ರಗಳಿಗೂ ಅಪಾಯವು ಸಮನಾಗಿಲ್ಲ. ಸಾಲುಪಂಪಿನ ಕ್ಯಾಮಿಗೆ ಬೇರೆ ಎಣ್ಣೆಯುಂಟು; ಸುತ್ತುವ ಪಂಪಿನ ಒಳಭಾಗಗಳಿಗೆಲ್ಲ ಸುಡುವ ತೈಲವೇ ಕೀಲೆಣ್ಣೆ. ಎಂದಮೇಲೆ ಎರಡನೆಯದಕ್ಕೆ ಹೆಚ್ಚಿನ ಭಯ. ಆದರೂ ಈಗ ಶುದ್ಧೀಕರಣಶಾಲೆಗಳು ಜಿಡ್ಡಿನ ದ್ರವ್ಯವನ್ನು ಬೆರೆಸಿ, ನಿಗದಿಯಾದ ಸವೆತದ ಪರೀಕ್ಷೆಗೆ ಒಪ್ಪುವಂತೆ ಮಾಡಿಯೇ ತೈಲವನ್ನು ಹೊರಬಿಡುವುವು. ಗಂಧಕವು ಕುಗ್ಗಿದುದರಿಂದ ಸಿಲಿಂಡರಿನಲ್ಲಿ ಗಂಧಕಾಮ್ಲವೂ ಕಡಿಮೆಯಾಗಿ, ಎಂಜಿನ್ನಿನ ಎಣ್ಣೆಯು ಬೇಗನೆ ಕೆಡುವುದು ತಪ್ಪಿತು. ಇದು ಹಳೆಯ ಯಂತ್ರಕ್ಕೂ ದೊರೆತ ಲಾಭವೇ. ಕೆಲವರು ಮಾಡುವಂತೆ ಬಳಸಿದ ಎಂಜಿನ್ನೆಣ್ಣೆಯನ್ನು ತೈಲಕ್ಕೆ ಸುರಿಯುವುದು ಮಾತ್ರ ಕೇಡೇ ಸರಿ; ಅದರಲ್ಲಿರುವ ಬೂದಿಯೂ ಲೋಹದ ಚೂರೂ ಪಂಪನ್ನೇ ಸವೆಯಿಸುವುವು.

ಇದಕ್ಕಿಂತ ಯೋಗ್ಯವಾದ ಪರಿಹಾರವು ಹೊಲದ ಬದುವಿನಲ್ಲಿಯೇ ಬೆಳೆಯುತ್ತಿದೆ. ಸಸ್ಯತೈಲದಿಂದ ಮಾಡಿದ ಜೈವಿಕ ಡೀಸೆಲನ್ನು ನೂರಕ್ಕೆ ಒಂದೆರಡು ಪಾಲು ಬೆರೆಸಿದರೆ ಕಳೆದುಹೋದ ಜಿಡ್ಡು ಮರಳುವುದು. ಸಸ್ಯತೈಲವೂ ಈ ಯಂತ್ರಕ್ಕೆ ಹೊಸದಲ್ಲ. ೧೯೦೦ದ ಪ್ಯಾರಿಸ್ ಪ್ರದರ್ಶನದಲ್ಲಿಯೇ ಡೀಸೆಲ್ ಯಂತ್ರವೊಂದು ಕಡಲೆಕಾಯೆಣ್ಣೆಯಿಂದ ನಡೆದಿದ್ದಿತು. ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ೧೯೯೦ರ ದಶಕದ ಕೊನೆಯಲ್ಲಿ ಕಗ್ಗನಹಳ್ಳಿಯಲ್ಲಿ ಹೊಂಗೆಯೆಣ್ಣೆಯಿಂದ ವಿದ್ಯುದ್ಯಂತ್ರವನ್ನು ನಡೆಯಿಸಿ ನೀರೆತ್ತಿಸಿದರು. ೨೦೦೭ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಪಿರಿಯಾಪಟ್ಟಣಕ್ಕೆ ನೆರೆಯಾದ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿ, ಹೊಂಗೆ, ಬೇವು, ಹಿಪ್ಪೆಗಳನ್ನು ಬದುಗಳಲ್ಲಿ ನೆಡಲು ರೈತರನ್ನು ಪ್ರೇರಿಸಿತು. ಹೊಂಗೆಯ ಎಣ್ಣೆಯನ್ನು ಹಸಿಯಾಗಿಯೇ ಹಾಕಿದರೆ ಅದರ ಮಂದತೆಯಿಂದ ಸಿಂಪರಣೆಯ ತೂತುಗಳು ಕಟ್ಟಿಕೊಳ್ಳುವುವು. ಮದ್ಯಸಾರದೊಡನೆ ಸಂಸ್ಕರಿಸಿ ತೆಳ್ಳಗೆ ಮಾಡಿದುದನ್ನೇ ಬೆರೆಸತಕ್ಕುದು.