ಮನೆ ಶೆಡ್‌ಗೆ ಸ್ಕ್ರೋಲ್ ಸಾ ಕೊಳ್ಳುವ ಮುನ್ನ: ಮೋಟಾರ್ ಆಮೇಲೆ, ಮೊದಲು ಬ್ಲೇಡ್ ಹಿಡಿಯುವ ಜಾಗ ನೋಡಿ

ಮಡಿಕೇರಿ: ಹೋಂಸ್ಟೇ ಗೇಟಿಗೆ ಹೆಸರಿನ ಬೋರ್ಡ್, ಐನ್‌ಮನೆ ಬಾಗಿಲಿಗೆ ಕುಟುಂಬದ ಹೆಸರಿನ ಫಲಕ, ಹಾಕಿ ಹಬ್ಬಕ್ಕೆ ನೆನಪಿನ ಕಾಣಿಕೆ, ಪ್ರವಾಸಿಗರಿಗೆ ಮಾರಲು ಕೀಚೈನ್. ಇಂಥ ಸಣ್ಣ ಮರಗೆಲಸವನ್ನು ಮನೆಯ ಶೆಡ್‌ನಲ್ಲೇ ಮಾಡುವ ಆಸೆ ಜಿಲ್ಲೆಯಲ್ಲಿ ಹಲವರಿಗಿದೆ. ತೋಟದಲ್ಲಿ ಸಿಲ್ವರ್ ಓಕ್ ಇದೆ, ಮಳೆಗಾಲದಲ್ಲಿ ಕೈಗೆ ಬಿಡುವೂ ಇದೆ. ತೊಂದರೆ ಶುರುವಾಗುವುದು ಯಂತ್ರ ಕೊಳ್ಳುವಾಗ. ಹಾರ್ಡ್‌ವೇರ್ ಅಂಗಡಿಯಲ್ಲಿ "ಸ್ಕ್ರೋಲ್ ಸಾ ಇದ್ಯಾ?" ಅಂತ ಕೇಳಿದರೆ ಸಾಮಾನ್ಯವಾಗಿ ಜಿಗ್ ಸಾ ಡಬ್ಬ ತೆಗೆದು ಮುಂದಿಡುತ್ತಾರೆ. ಅವೆರಡೂ ಒಂದೇ ಅಂದುಕೊಂಡು ತಂದವರು ಆಮೇಲೆ ಪೇಚಾಡುತ್ತಾರೆ.

ಜಿಗ್ ಸಾ ಕೈಯಲ್ಲಿ ಹಿಡಿದು ಓಡಿಸುವ ಯಂತ್ರ. ಮರ ಅಲ್ಲೇ ಇರುತ್ತದೆ, ಯಂತ್ರ ಓಡಾಡುತ್ತದೆ. ಅದರ ಬ್ಲೇಡ್ ಅಗಲ ಮತ್ತು ದಪ್ಪ, ಒಂದೇ ತುದಿಯಲ್ಲಿ ಹಿಡಿತ. ಪ್ಲೈವುಡ್ ಕೊಯ್ಯಲು, ಕಿಚನ್ ಸಿಂಕ್‌ಗೆ ಜಾಗ ಬಿಡಲು ಅದು ಚೆನ್ನ. ಆದರೆ ಎರಡಿಂಚು ಎತ್ತರದ ಅಕ್ಷರದ ತಿರುವಿನಲ್ಲಿ ಅದು ತಿರುಗಲ್ಲ. ಸ್ಕ್ರೋಲ್ ಸಾ ಬೆಂಚಿನ ಮೇಲೆ ಕೂರುವ ಯಂತ್ರ. ಮೇಲೊಂದು ತೋಳು, ಕೆಳಗೊಂದು ತೋಳು, ನಡುವೆ ತಂತಿಯಂತೆ ಬಿಗಿದ 5 ಇಂಚಿನ ಸಪೂರ ಬ್ಲೇಡ್ ಮೇಲೆ ಕೆಳಗೆ ಆಡುತ್ತದೆ. ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಾ ಹೋಗಬೇಕು. ಅಕ್ಕಸಾಲಿಗರ ಕೈಯಲ್ಲಿರುವ ಸಣ್ಣ ಬಿಲ್ಲುಗರಗಸ ನೋಡಿದ್ದೀರಲ್ಲ, ಅದಕ್ಕೇ ಮೋಟಾರ್ ಕೂರಿಸಿದರೆ ಹೇಗೋ ಹಾಗೆ.

ಬೆಲೆಯಲ್ಲೂ ಅಂತರ ದೊಡ್ಡದು. ಜಿಗ್ ಸಾ ಎರಡು ಮೂರು ಸಾವಿರಕ್ಕೂ ಸಿಗುತ್ತದೆ. ಸ್ಕ್ರೋಲ್ ಸಾ ಅಂದರೆ ಲೆಕ್ಕ ಐದಂಕಿಗೆ ಹೋಗುತ್ತದೆ. ಒಮ್ಮೆ ತಪ್ಪು ಯಂತ್ರ ಬಂದರೆ ಶೆಡ್ ಮೂಲೆಯಲ್ಲಿ ಧೂಳು ತಿನ್ನುತ್ತದೆ, ವಾಪಸ್ ಮಾರುವುದೂ ಕಷ್ಟ.

ಕನ್ನಡ ಅಕ್ಷರದ ಹೊಟ್ಟೆ

ಆನ್‌ಲೈನ್‌ನಲ್ಲಿ ಯಂತ್ರದ ಬಗ್ಗೆ ಓದಿದರೆ ಎಲ್ಲರೂ ವ್ಯಾಟ್, ಇಂಚು, ಸ್ಪೀಡ್ ಬಗ್ಗೆಯೇ ಹೇಳುತ್ತಾರೆ. ಕನ್ನಡದಲ್ಲಿ ಬೋರ್ಡ್ ಕೊಯ್ಯುವವರಿಗೆ ಅದಕ್ಕಿಂತ ಮುಖ್ಯವಾದ ಒಂದು ಮಾತಿದೆ.

ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಹೊಟ್ಟೆ ಇರುವಂಥವು ಬೆರಳೆಣಿಕೆ: ಎ, ಬಿ, ಡಿ, ಓ, ಪಿ ಹೀಗೆ. ಕನ್ನಡ ಹಾಗಲ್ಲ. ಕ, ಮ, ಯ, ವ, ರ, ಎಲ್ಲದರಲ್ಲೂ ಮುಚ್ಚಿದ ಸುತ್ತು. "ರಿ", "ನಿ" ಬರೆದರೆ ತಲೆಯ ಮೇಲಿನ ಗುಡಿಸಿನಲ್ಲಿ ಇನ್ನೊಂದು ಸುತ್ತು. "ಕಾವೇರಿ ನಿಲಯ" ಅಂತ ಬರೆದರೆ, ಅಕ್ಷರದ ಶೈಲಿ ನೋಡಿಕೊಂಡು, ಆರೇಳು ಕಡೆ ಒಳಗಿನ ಮರ ತೆಗೆಯಬೇಕಾಗುತ್ತದೆ. ಪ್ರತಿಯೊಂದಕ್ಕೂ ಕೆಲಸ ಒಂದೇ: ಮೊದಲು ಡ್ರಿಲ್‌ನಲ್ಲಿ ತೂತು, ಯಂತ್ರ ನಿಲ್ಲಿಸು, ಬ್ಲೇಡ್‌ನ ಬಿಗಿ ಸಡಿಲಿಸು, ಒಂದು ತುದಿ ಬಿಚ್ಚು, ತೂತಿನೊಳಗೆ ತೂರಿಸು, ಮತ್ತೆ ಕಚ್ಚಿಸು, ಬಿಗಿ ಮಾಡು, ಕೊಯ್ಯಿ. ಮುಗಿದ ಮೇಲೆ ಮತ್ತೆ ಬಿಚ್ಚು, ಮುಂದಿನ ಹೊಟ್ಟೆಗೆ ಹೋಗು.

ಬ್ಲೇಡ್ ಬಿಚ್ಚಿ ಹಾಕಲು ಅಲೆನ್ ಕೀ ಹುಡುಕಬೇಕಾದ ಯಂತ್ರವಾದರೆ ಒಂದು ಸಲಕ್ಕೆ ಎರಡು ಮೂರು ನಿಮಿಷ. ಬೆರಳಲ್ಲೇ ತಿರುಗಿಸುವ ಸ್ಕ್ರೂ ಮತ್ತು ಬಿಗಿ ಮಾಡುವ ಲಿವರ್ ಇರುವ ಯಂತ್ರವಾದರೆ ಅರ್ಧ ನಿಮಿಷವೂ ಬೇಡ. ಒಂದು ಬೋರ್ಡ್‌ಗೆ ಇದು ದೊಡ್ಡ ಲೆಕ್ಕವಲ್ಲ. ಇಪ್ಪತ್ತು ಬೋರ್ಡ್ ಆರ್ಡರ್ ಬಂದಾಗ ದಿನವೇ ಹೋಗುತ್ತದೆ. ಹಾಗಾಗಿ ಬ್ಲೇಡ್ ಹಿಡಿಯುವ ಕ್ಲಾಂಪ್ ಹೇಗಿದೆ ಅನ್ನುವುದನ್ನು ಮೊದಲು ನೋಡಿ, ಮೋಟಾರ್ ಆಮೇಲೆ.

ಎರಡನೆಯದು ಪಿನ್ ವಿಚಾರ. ಬ್ಲೇಡ್‌ನಲ್ಲಿ ಎರಡು ಜಾತಿ. ಒಂದರ ಎರಡೂ ತುದಿಯಲ್ಲಿ ಅಡ್ಡಡ್ಡ ಸಣ್ಣ ಪಿನ್ ಇರುತ್ತದೆ, ಕೊಕ್ಕೆಗೆ ಸಿಕ್ಕಿಸಿದರೆ ಆಯಿತು. ಸುಲಭ ನಿಜ, ಆದರೆ ಆ ಪಿನ್ ತೂರಲು ಸುಮಾರು ಕಾಲು ಇಂಚಿನ ತೂತು ಬೇಕು. ಸಣ್ಣ ಅಕ್ಷರದ ಹೊಟ್ಟೆಯೇ ಅಷ್ಟಿರುವುದಿಲ್ಲ. ಇನ್ನೊಂದು ಪಿನ್ ಇಲ್ಲದ್ದು, ತುದಿ ಚಪ್ಪಟೆ. ಒಂದೂವರೆ ಮಿಲಿಮೀಟರ್ ತೂತಿನಲ್ಲೂ ಹೋಗುತ್ತದೆ, ಸಪೂರ ಬ್ಲೇಡ್‌ಗಳೆಲ್ಲ ಬರುವುದೂ ಇದರಲ್ಲೇ. ಕಡಿಮೆ ಬೆಲೆಯ ಕೆಲವು ಯಂತ್ರಗಳು ಪಿನ್ ಬ್ಲೇಡ್ ಮಾತ್ರ ಹಿಡಿಯುತ್ತವೆ. ಅಂಥದ್ದು ಬೇಡ. ಎರಡೂ ಹಿಡಿಯುತ್ತದೆ ಅಂತ ಡಬ್ಬದ ಮೇಲೆ ಬರೆದಿದ್ದರೆ, ಪಿನ್ ಇಲ್ಲದ ಬ್ಲೇಡ್‌ಗೆ ಬೇಕಾದ ಅಡಾಪ್ಟರ್ ಡಬ್ಬದ ಒಳಗೇ ಇದೆಯಾ ಅಂತ ತೆರೆದು ನೋಡಿ.

ಒತ್ತಕ್ಷರದ ಬಗ್ಗೆಯೂ ಒಂದು ಮಾತು. ಒತ್ತು ಅಕ್ಷರದ ಕೆಳಗೆ ಬೇರೆಯಾಗಿ ನಿಲ್ಲುತ್ತದೆ, ಠ ಒಳಗಿನ ಚುಕ್ಕಿಯೂ ಹಾಗೇ. ಕೊಯ್ದ ಮೇಲೆ ಇವು ಕಳಚಿ ಕೈಗೆ ಬರುತ್ತವೆ. ಹಿಂದೆ ಒಂದು ಹಲಗೆ ಕೊಟ್ಟು ಅಂಟಿಸಬೇಕು, ಇಲ್ಲವೇ ಡಿಸೈನ್ ಬರೆಯುವಾಗಲೇ ಸಣ್ಣ ಸೇತುವೆ ಬಿಡಬೇಕು. ಯಂತ್ರ ಎಷ್ಟೇ ದುಬಾರಿಯದಾದರೂ ಇದಕ್ಕೆ ಬೇರೆ ದಾರಿಯಿಲ್ಲ.

ಬ್ಲೇಡ್ ಎಲ್ಲಿ ಸಿಗುತ್ತದೆ?

ಬ್ಲೇಡ್‌ಗೆ ನಂಬರ್ ಇರುತ್ತದೆ. ನಂಬರ್ ಹೆಚ್ಚಿದಷ್ಟೂ ಬ್ಲೇಡ್ ದಪ್ಪ. ಕಾಲು ಇಂಚಿನ ತೆಳು ಹಲಗೆಗೆ 1, ಅರ್ಧ ಇಂಚಿಗೆ 3, ಮುಕ್ಕಾಲು ಇಂಚಿನ ಸಿಲ್ವರ್ ಓಕ್‌ಗೆ 5, ಒಂದಿಂಚು ದಾಟಿದ ಗಟ್ಟಿ ಮರಕ್ಕೆ 7 ಅಥವಾ 9. ಹೊಸಬರು 5 ನಂಬರ್‌ನಿಂದ ಶುರು ಮಾಡಿದರೆ ಒಳ್ಳೆಯದು. ಹಲ್ಲು ಕೆಳಮುಖವಾಗಿ, ನಮ್ಮ ಕಡೆಗೆ ಇರಬೇಕು. ಬಿಗಿ ಸರಿಯಾಗಿದ್ದರೆ ಬೆರಳಲ್ಲಿ ಮೀಟಿದಾಗ "ಟಿಂಗ್" ಅನ್ನುತ್ತದೆ. ಸಡಿಲವಿದ್ದರೆ ಗೆರೆ ಬಿಟ್ಟು ಓಡುತ್ತದೆ.

ಬ್ಲೇಡ್ ಸವೆಯುವ ವಸ್ತು. ಗಟ್ಟಿ ಮರದಲ್ಲಿ ಅರ್ಧ ಗಂಟೆ ಕೊಯ್ದರೆ ಮೊಂಡಾಗಬಹುದು, ತುಂಡಾಗುವುದೂ ಮಾಮೂಲಿ. ಮೊಂಡಾದ ಬ್ಲೇಡನ್ನೇ ಒತ್ತಿ ಒತ್ತಿ ಕೊಯ್ಯುವುದರಿಂದ ಮರ ಕರಟುತ್ತದೆ, ಬೆರಳಿಗೂ ಅಪಾಯ. ಡಜನ್ ಲೆಕ್ಕದಲ್ಲಿ ತರಿಸಿಟ್ಟುಕೊಳ್ಳಿ. ಸದ್ಯ ಹೆಚ್ಚಿನವರಿಗೆ ದಾರಿ ಆನ್‌ಲೈನ್ ಅಥವಾ ಮೈಸೂರು. ತುರ್ತಿಗೆ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಬಹುದು. ಅಲ್ಲಿನ ಬಿಲ್ಲುಗರಗಸದ ಬ್ಲೇಡ್ 130 ಮಿಲಿಮೀಟರ್ ಉದ್ದ, ಪಿನ್ ಇಲ್ಲದ್ದು, ಸ್ಕ್ರೋಲ್ ಸಾಗೆ ಕೂರುತ್ತದೆ. ಲೋಹಕ್ಕೆಂದು ಮಾಡಿದ್ದರಿಂದ ಹಲ್ಲು ತೀರಾ ನುಣುಪು, ದಪ್ಪ ಮರದಲ್ಲಿ ನಿಧಾನ. ತೆಳು ಹಲಗೆ, ಹಿತ್ತಾಳೆ ತಗಡಿಗೆ ಚೆನ್ನಾಗಿ ಆಗುತ್ತದೆ. ಕೋಪಿಂಗ್ ಸಾ ಬ್ಲೇಡ್ ಮಾತ್ರ ತರಬೇಡಿ, ಅದು ಆರಿಂಚು ಉದ್ದ, ಕೂರಲ್ಲ.

ಅಂಗಡಿಯವರೂ ಇದನ್ನು ಗಮನಿಸಬಹುದು. ಯಂತ್ರ ಒಬ್ಬರಿಗೆ ಒಮ್ಮೆ ಮಾತ್ರ ಹೋಗುತ್ತದೆ. ಬ್ಲೇಡ್‌ಗೆ ಆತ ಮತ್ತೆ ಮತ್ತೆ ಬರುತ್ತಾನೆ. 3, 5, 7 ನಂಬರ್ ಇಟ್ಟುಕೊಂಡರೆ ಬಂದವರು ಬರಿಗೈಲಿ ಹೋಗುವುದಿಲ್ಲ.

16 ಇಂಚು ಸಾಕಾ?

ಸ್ಕ್ರೋಲ್ ಸಾ ಅಳತೆ ಅಂದರೆ ಬ್ಲೇಡ್‌ನಿಂದ ಹಿಂದಿನ ಕಂಬದವರೆಗಿನ ಜಾಗ. ಮನೆ ಬಳಕೆಗೆ ಸಿಗುವವು ಹೆಚ್ಚಾಗಿ 16 ಇಂಚು, ಅಂದರೆ 405 ಮಿಲಿಮೀಟರ್ ಆಸುಪಾಸು. ಕೀಚೈನ್, ಟ್ರೋಫಿ, ಒಂದಡಿ ಫಲಕಕ್ಕೆ ಧಾರಾಳ. ಮೂರಡಿ ಉದ್ದದ ಗೇಟ್ ಬೋರ್ಡ್ ಆದರೆ ಹಲಗೆ ತಿರುಗಿಸುವಾಗ ಹಿಂದಿನ ಕಂಬಕ್ಕೆ ತಾಗುತ್ತದೆ. ಅದಕ್ಕೆ ಸ್ಪೈರಲ್ ಬ್ಲೇಡ್ ಅಂತ ಬರುತ್ತದೆ, ಹಗ್ಗದಂತೆ ಹೊಸೆದದ್ದು, ಸುತ್ತಲೂ ಹಲ್ಲು. ಹಲಗೆ ತಿರುಗಿಸದೆ ಎತ್ತ ಬೇಕಾದರೂ ಕೊಯ್ಯಬಹುದು. ಅಂಚು ಸ್ವಲ್ಪ ಒರಟಾಗುತ್ತದೆ, ಸ್ಯಾಂಡ್‌ಪೇಪರ್ ಕೆಲಸ ಜಾಸ್ತಿ. ಅದೂ ಬೇಡವಾದರೆ ಒಂದೊಂದೇ ಅಕ್ಷರ ಬಿಡಿಯಾಗಿ ಕೊಯ್ದು ಹಲಗೆಗೆ ಅಂಟಿಸುವುದೇ ಸಲೀಸು. ಬೋರ್ಡ್‌ಗೋಸ್ಕರ 20, 22 ಇಂಚಿನ ಯಂತ್ರಕ್ಕೆ ದುಪ್ಪಟ್ಟು ಹಣ ಹಾಕುವ ಅಗತ್ಯ ಹೆಚ್ಚಿನವರಿಗೆ ಇರುವುದಿಲ್ಲ.

ಎರಡಿಂಚು ದಪ್ಪದವರೆಗೂ ಕೊಯ್ಯುತ್ತದೆ ಅಂತ ಕಂಪನಿಗಳು ಬರೆಯುತ್ತವೆ. ಬೀಟೆ, ಕಾಫಿ ಬೊಡ್ಡೆಯಂಥ ಗಟ್ಟಿ ಮರದಲ್ಲಿ ಒಂದಿಂಚು ದಾಟಿದರೆ ತಾಳ್ಮೆ ಪರೀಕ್ಷೆ.

ಅದುರಾಟ ನೋಡುವುದು ಹೇಗೆ

ಯಂತ್ರ ಓಡಿಸಿ, ಟೇಬಲ್ ಮೇಲೆ ಒಂದು ನಾಣ್ಯ ಅಂಚಿನ ಮೇಲೆ ನಿಲ್ಲಿಸಿ. ನಿಧಾನ ಸ್ಪೀಡ್‌ನಲ್ಲೇ ಬಿದ್ದುಹೋದರೆ ಯೋಚನೆ ಮಾಡಿ. ಹಗುರ ಯಂತ್ರಗಳು ಅದುರುವುದು ಸಹಜ, ಭಾರದ ಬೆಂಚಿಗೆ ಬೋಲ್ಟ್ ಹಾಕಿ ಕೆಳಗೆ ರಬ್ಬರ್ ಕೊಟ್ಟರೆ ಬಹುಪಾಲು ಕಡಿಮೆಯಾಗುತ್ತದೆ. ಹಳೆಯ ಮನೆಗಳ ಅಟ್ಟದ ಮೇಲೆ ಮಾತ್ರ ಇಡಬೇಡಿ, ಮರದ ನೆಲವೇ ಅದುರಲು ಶುರುವಾಗುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಪ್ಲಗ್ ತೆಗೆದು ಮೇಲಿನ ತೋಳನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಲೊಡಲೊಡ ಅಂದರೆ ಬೇರಿಂಗ್ ಹೋಗಿದೆ. ಕ್ಲಾಂಪ್ ಸ್ಕ್ರೂಗಳ ಮರೆ ಸವೆದಿದೆಯಾ ನೋಡಿ.

ಕರೆಂಟ್, ಮತ್ತು ಅಮೆರಿಕದಿಂದ ಬರುವ ಯಂತ್ರ

16 ಇಂಚಿನ ಯಂತ್ರಗಳ ಮೋಟಾರ್ 90ರಿಂದ 120 ವ್ಯಾಟ್ ಆಸುಪಾಸು. ಒಂದು ಹಳೇ ಬಲ್ಬಿನಷ್ಟು. ಮನೆಯ ಸಾಮಾನ್ಯ 6 ಆ್ಯಂಪ್ ಪ್ಲಗ್ ಸಾಕು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಇನ್ವರ್ಟರ್‌ನಲ್ಲಿ ಓಡಿಸಬೇಕೆಂದರೆ ಸೈನ್ ವೇವ್ ಇನ್ವರ್ಟರ್ ಇರಲಿ. ಹಳೆಯ ಸ್ಕ್ವೇರ್ ವೇವ್‌ನಲ್ಲಿ ಮೋಟಾರ್ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ, ಸ್ಪೀಡ್ ಕಂಟ್ರೋಲ್ ಬೋರ್ಡ್ ಕೆಡಬಹುದು. ಸ್ಪೀಡ್ ಬದಲಿಸುವ ಗುಂಡಿ ಇರಲೇಬೇಕು. ನಿಮಿಷಕ್ಕೆ 400ರಿಂದ 1600ರವರೆಗೆ ಇದ್ದರೆ ಮರ, ಪ್ಲೈವುಡ್, ಅಕ್ರಿಲಿಕ್ ಎಲ್ಲಕ್ಕೂ ಆಗುತ್ತದೆ. ಅಕ್ರಿಲಿಕ್ ಅನ್ನು ಜೋರಾಗಿ ಕೊಯ್ದರೆ ಕರಗಿ ಹಿಂದೆಯೇ ಅಂಟಿಕೊಳ್ಳುತ್ತದೆ.

ಅಮೆರಿಕದಲ್ಲಿರುವ ಮಕ್ಕಳು, ಬಂಧುಗಳ ಕೈಲಿ ತರಿಸುವವರು ಗಮನಿಸಿ. ಅಲ್ಲಿ ಹೆಸರಾದ ಡಿವಾಲ್ಟ್ ಡಿಡಬ್ಲ್ಯೂ788, 20 ಇಂಚಿನದ್ದು, ಒಳ್ಳೆಯ ಯಂತ್ರವೇ. ಆದರೆ ಅದು 120 ವೋಲ್ಟ್‌ನದ್ದು. ಇಲ್ಲಿನ 230ಕ್ಕೆ ನೇರ ಹಾಕಿದರೆ ಸುಟ್ಟುಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಬಿಡಿಭಾಗಕ್ಕೆ ಮತ್ತೆ ಅಮೆರಿಕವೇ ಗತಿ. ದುಬೈನಿಂದ ತಂದರೆ ವೋಲ್ಟೇಜ್ ತಕರಾರಿಲ್ಲ, ಪ್ಲಗ್ ಬದಲಿಸಿದರೆ ಆಯಿತು. ಇಲ್ಲಿಯೇ ಕೊಂಡರೂ ಜಿಎಸ್‌ಟಿ ಬಿಲ್ ಕೇಳಿ. ಕ್ಲಾಂಪ್ ಮತ್ತು ಸ್ಪೀಡ್ ಬೋರ್ಡ್ ಬಿಡಿಯಾಗಿ ಸಿಗುತ್ತದೆಯಾ, ಸರ್ವಿಸ್ ಎಲ್ಲಿ ಅನ್ನುವುದನ್ನು ಹಣ ಕೊಡುವ ಮುನ್ನವೇ ತಿಳಿದುಕೊಳ್ಳಿ.

ಮಳೆ, ತುಕ್ಕು, ಧೂಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಬ್ಬಿಣ ಯಾವುದೂ ಸುಮ್ಮನಿರಲ್ಲ. ಎರಕದ ಟೇಬಲ್‌ಗೆ ಎಣ್ಣೆ ಹಚ್ಚಿದರೆ ಮರಕ್ಕೆ ಕಲೆ, ಅದರ ಬದಲು ಮೇಣ ಉಜ್ಜಿ. ಬ್ಲೇಡ್‌ಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಕೆಲಸ ಮುಗಿದ ಮೇಲೆ ಯಂತ್ರದಲ್ಲಿರುವ ಬ್ಲೇಡ್‌ನ ಬಿಗಿ ಸಡಿಲಿಸಿ. ಹಸಿ ಸಿಲ್ವರ್ ಓಕ್ ಕೊಯ್ಯಲು ಹೋಗಬೇಡಿ. ಬ್ಲೇಡ್ ಸಿಕ್ಕಿಕೊಳ್ಳುತ್ತದೆ, ಬೋರ್ಡ್ ಬೇಸಿಗೆಯಲ್ಲಿ ಬಾಗುತ್ತದೆ. ಹಲಗೆಯ ಮೇಲೆ ಪ್ಯಾಕಿಂಗ್ ಟೇಪ್ ಅಂಟಿಸಿ ಕೊಯ್ದರೆ ಕರಟುವುದು ಕಡಿಮೆ.

ಧೂಳನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ಮರದ ಧೂಳು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಬೀಟೆ ಮತ್ತು ಸಿಲ್ವರ್ ಓಕ್ ಕೆಲವರಿಗೆ ಚರ್ಮದ ತುರಿಕೆಯನ್ನೂ ತರುತ್ತವೆ. ಯಂತ್ರದಲ್ಲಿರುವ ಗಾಳಿ ಕೊಳವೆ ಗೆರೆ ಕಾಣುವಂತೆ ಧೂಳನ್ನು ಪಕ್ಕಕ್ಕೆ ಊದುತ್ತದೆ ಅಷ್ಟೇ, ಅದು ಮೂಗಿಗೇ ಬರುತ್ತದೆ. ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ.

ಮರದ ಬಗ್ಗೆ: ಬೀಟೆ, ಗಂಧದ ತುಂಡು ಬಿಲ್ ಇಲ್ಲದೆ ಶೆಡ್‌ನಲ್ಲಿ ಇಟ್ಟುಕೊಳ್ಳಬೇಡಿ. ಸ್ವಂತ ತೋಟದ ಬೀಟೆಯಾದರೂ ಕಡಿಯಲು ಅರಣ್ಯ ಇಲಾಖೆ ಅನುಮತಿ ಬೇಕು.

ಲೇಸರ್ ಇರುವಾಗ ಇದು ಬೇಕಾ?

ನೂರಾರು ಕೀಚೈನ್ ಒಂದೇ ಡಿಸೈನ್‌ನಲ್ಲಿ ಬೇಕಾದರೆ ಲೇಸರ್‌ನವರಿಗೆ ಕೊಡುವುದೇ ಲಾಭ, ಸ್ಕ್ರೋಲ್ ಸಾ ಆ ಪೈಪೋಟಿಗೆ ನಿಲ್ಲಲ್ಲ. ಆದರೆ ಸಣ್ಣ ಲೇಸರ್ ಯಂತ್ರಗಳು ಮುಕ್ಕಾಲು ಇಂಚಿನ ಗಟ್ಟಿ ಮರದ ಮುಂದೆ ಸೋಲುತ್ತವೆ, ಅಂಚೂ ಕಪ್ಪಾಗುತ್ತದೆ. ದಪ್ಪ ಮರದ ಫಲಕ, ಬೇರೆ ಬೇರೆ ಬಣ್ಣದ ಮರ ಕೂಡಿಸುವ ಕೆಲಸಕ್ಕೆ ಸಪೂರ ಬ್ಲೇಡೇ ಬೇಕು. ಜಿಐ ಟ್ಯಾಗ್ ಪಡೆದಿರುವ ಮೈಸೂರಿನ ಬೀಟೆ ಇನ್ಲೇ ಕೆಲಸವೂ ಅಂಥದ್ದೇ, ಬಿಡಿ ತುಂಡುಗಳನ್ನು ಕೊಯ್ದು ಕೂಡಿಸುವುದು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಂಥ ಕಡೆ, ಕುಟುಂಬದ ಹೆಸರು ಕೊಯ್ದ ಮರದ ಕಾಣಿಕೆಗೆ ಪ್ರತಿಯೊಂದೂ ಬೇರೆ ಹೆಸರು. ಅಲ್ಲಿ ಕೈಕೆಲಸಕ್ಕೆ ಜಾಗವಿದೆ.

ಬಡಗಿ ಕೆಲಸವೇ ಕಸುಬಾಗಿರುವವರು ಪಿಎಂ ವಿಶ್ವಕರ್ಮ ಯೋಜನೆಯನ್ನು ವಿಚಾರಿಸಬಹುದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯ 18 ಕಸುಬುಗಳಲ್ಲಿ ಬಡಗಿಯೂ ಇದೆ, ಗೊಂಬೆ ತಯಾರಿಕೆಯೂ ಇದೆ. ತರಬೇತಿಯ ಜತೆಗೆ ಉಪಕರಣಕ್ಕೆ 15,000 ರೂ.ವರೆಗೆ ವೋಚರ್, ಮೊದಲ ಹಂತದಲ್ಲಿ 1 ಲಕ್ಷ ರೂ.ವರೆಗೆ ಶೇ 5ರ ಬಡ್ಡಿಯಲ್ಲಿ ಸಾಲ. ಅರ್ಜಿ ಸಾಮಾನ್ಯ ಸೇವಾ ಕೇಂದ್ರದಲ್ಲಿ. ವೋಚರ್‌ನಲ್ಲಿ ಯಾವ ಉಪಕರಣ ಬರುತ್ತದೆ ಅನ್ನುವುದನ್ನು ಅಲ್ಲೇ ಕೇಳಿಕೊಳ್ಳಿ.

ಇನ್ನೂ ಮನಸ್ಸು ಗಟ್ಟಿಯಾಗದವರು ಮೊದಲು ಕೈಯಲ್ಲಿ ಹಿಡಿಯುವ ಬಿಲ್ಲುಗರಗಸ ತಂದು ತಿಂಗಳು ಪಳಗಲಿ. ಕೆಲವು ನೂರು ರೂಪಾಯಿಯ ಬಾಬತ್ತು, ಅದರ ಬ್ಲೇಡ್‌ಗಳು ಆಮೇಲೆ ಯಂತ್ರಕ್ಕೂ ಬರುತ್ತವೆ. ಯಂತ್ರ ನೋಡಲು ಅಂಗಡಿಗೆ ಹೋಗುವ ದಿನ ಮುಕ್ಕಾಲು ಇಂಚಿನ ಒಣ ಸಿಲ್ವರ್ ಓಕ್ ತುಂಡೊಂದರ ಮೇಲೆ ನಿಮ್ಮ ಮನೆಯ ಹೆಸರು ಬರೆದು, ಒಂದು ಅಕ್ಷರದ ಹೊಟ್ಟೆಗೆ ಸಣ್ಣ ತೂತು ಕೊರೆದು ಜತೆಗೆ ಒಯ್ಯಿರಿ. ಬ್ಲೇಡ್ ಬಿಚ್ಚಿ ಆ ತೂತಿಗೆ ತೂರಿಸಿ ಮತ್ತೆ ಕಚ್ಚಿಸುವುದನ್ನು ನೀವೇ ನಿಮ್ಮ ಕೈಯಲ್ಲಿ ಎರಡು ಸಲ ಮಾಡಿ ನೋಡಿ, ಆಮೇಲೆ ಬೆಲೆ ಕೇಳಿ.