ಸ್ಟೇಷನ್ ರಸ್ತೆ, ಬೆಂಗಳೂರು ದಂಡು

ದಂಡು ರೈಲು ನಿಲ್ದಾಣದ ಎದುರು ವಸಂತನಗರದ ಅಂಚಿನಲ್ಲಿ ಸಾಗುವ ರಸ್ತೆ. ಕಂಟೋನ್ಮೆಂಟ್ ಸ್ಟೇಷನ್ ರಸ್ತೆ ಎಂದೂ ಕರೆಯುತ್ತಾರೆ. ಜೋಲಾರ್‌ಪೇಟೆಯಿಂದ ಮದ್ರಾಸ್ ರೈಲ್ವೆ ಹಾಕಿದ ಹಳಿ 1864ರಲ್ಲಿ ಮೊದಲು ತಲುಪಿದ್ದು ಪೇಟೆಯನ್ನಲ್ಲ, ದಂಡನ್ನು. ಪೇಟೆಯ ಕಡೆಗೆ ಅದು ಬೆಳೆದದ್ದು 1880ರ ದಶಕದಲ್ಲಿ. ಹೀಗಾಗಿ ಕೆಲಕಾಲ ಊರಿಗೆ ರೈಲು ಎಂದರೆ ಈ ನಿಲ್ದಾಣವೇ ಆಗಿತ್ತು.

1809ರಲ್ಲಿ ನೆಲೆಗೊಂಡ ದಂಡಿನಲ್ಲಿ ಹಲವು ರಸ್ತೆಗಳು ತಮ್ಮ ಕೆಲಸದಿಂದಲೇ ಹೆಸರು ಪಡೆದವು: ಇನ್‌ಫೆಂಟ್ರಿ, ಕ್ಯಾವಲ್ರಿ, ಬ್ರಿಗೇಡ್. ಸ್ಟೇಷನ್ ರಸ್ತೆಯೂ ಆ ಸಾಲಿನದೇ. ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆಯಾಯಿತು, ಸೌತ್ ಪೆರೇಡ್ ಮಹಾತ್ಮ ಗಾಂಧಿ ರಸ್ತೆಯಾಯಿತು. ಸ್ಟೇಷನ್ನಿನ ಹೆಸರು ಇನ್ನೂ ಬಳಕೆಯಲ್ಲಿ ಉಳಿದಿದೆ. ರೈಲು ಹಿಡಿಯಲು ಹೊರಟವರಿಗೆ ದಾರಿ ಹೇಳುವ ಹೆಸರನ್ನು ಜನ ಸುಲಭವಾಗಿ ಬಿಡುವುದಿಲ್ಲ. ಇಂಥ ಸರಳ ಹೆಸರುಗಳನ್ನು ಕಾಪಾಡಿಕೊಳ್ಳುವುದು ಒಳಿತು.

ದಂಡು ನಿಲ್ದಾಣದಿಂದ ಹಳಿಯ ಗುಂಟ ಪೂರ್ವಕ್ಕೆ ಹೋದಂತೆ ಬೆಂಗಳೂರು ಪೂರ್ವ, ಬೈಯಪ್ಪನಹಳ್ಳಿ, ಕೃಷ್ಣರಾಜಪುರ ನಿಲ್ದಾಣಗಳು ಸಿಗುತ್ತವೆ. ಇಲ್ಲಿ ಊರಿನ ಹೆಸರೇ ನಿಲ್ದಾಣಕ್ಕೆ ಬಂದದ್ದು ಹೆಚ್ಚು. ಆದರೆ ಇನ್ನೂ ಮುಂದಿನ ವೈಟ್‌ಫೀಲ್ಡ್ ನಿಲ್ದಾಣ ನಿಂತಿರುವ ನೆಲ ಕಾಡುಗೋಡಿಯದು. 2023ರ ಮಾರ್ಚ್‌ನಲ್ಲಿ ಅಲ್ಲಿಗೆ ಮೆಟ್ರೊ ಬಂದಾಗ ಅದರ ನಿಲ್ದಾಣ ಎರಡೂ ಹೆಸರನ್ನು ಒಟ್ಟಿಗೆ ಪಡೆಯಿತು. ಕಾಡುಗೋಡಿಗೆ ಸಲ್ಲಬೇಕಾದ ಮನ್ನಣೆ ಅದು. ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ರೈಲು ಸಂಚಾರ ಶುರುವಾದ ಹೊಸ ಟರ್ಮಿನಲ್‌ಗೆ ಇಟ್ಟದ್ದು ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರನ್ನು.